ಕ್ರೈಸ್ತ ವಿಶ್ವಾಸಿಯ ನುಡಿ ಮತ್ತು ನಡೆ ಒಂದೇ ಆಗಿರುವುದು ಹೇಗೆ?

ಆರಾಧನೆಯಲ್ಲಿ ಒಂದು ಮುಖ, ವ್ಯವಹಾರದಲ್ಲಿ ಇನ್ನೊಂದು ಮುಖ ಇರಬಾರದೆಂಬುದನ್ನು ಬೈಬಲ್ ಸ್ಪಷ್ಟವಾಗಿಯೇ ಹೇಳುತ್ತದೆ. ನಷ್ಟವಾದರೂ ಕೊಟ್ಟ ಮಾತಿಗೆ ತಪ್ಪದವನನ್ನು 15ನೆಯ ಕೀರ್ತನೆಯು ದೇವರ ಸನ್ನಿಧಿಯಲ್ಲಿ ನೆಲೆಸಲು ಯೋಗ್ಯರಾದವರೊಳಗೆ ಎಣಿಸುತ್ತದೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಷ್ಟೇ ನುಡಿಯಬೇಕೆಂದು ಯೇಸು ಕಲಿಸಿದರು (ಮತ್ತಾಯ 5:37).

ಆದರೆ ಈ ಪ್ರಶ್ನೆಗೆ ಅತ್ಯಂತ ಉಪಯುಕ್ತವಾದ ಪಾಠ ನನಗೆ ಕಾಣುವುದು ಯೇಸುವಿನ ಶಿಷ್ಯ ಪೇತ್ರನ ಸೋಲಿನಲ್ಲಿ. ಅಂತಿಯೋಕ್ಯ ಪಟ್ಟಣದಲ್ಲಿ ಅನ್ಯಜನರಾದ (ಯೆಹೂದ್ಯರಲ್ಲದ) ವಿಶ್ವಾಸಿಗಳೊಂದಿಗೆ ಊಟಮಾಡುತ್ತಿದ್ದ ಅವನು, ಯೆರೂಸಲೇಮಿನ ಸಭೆಯ ನಾಯಕ ಯಾಕೋಬನ ಕಡೆಯಿಂದ ಕೆಲವರು ಬಂದಾಗ, ಇಂಥ ಸಹಭೋಜನವನ್ನು ಒಪ್ಪದ ಯೆಹೂದ್ಯರಿಗೆ ಹೆದರಿ ಹಿಂದೆ ಸರಿದನು; ಪೌಲನ ಸಹಸೇವಕ ಬಾರ್ನಬನೂ ಸೇರಿದಂತೆ ಇತರರು ಅದೇ ದಾರಿ ಹಿಡಿದುದರಿಂದ ಪೌಲನು ಎಲ್ಲರ ಮುಂದೆಯೇ ಪೇತ್ರನನ್ನು ತಿದ್ದಬೇಕಾಯಿತು (ಗಲಾತ್ಯ 2:11–14). ಪೇತ್ರನ ತಿಳಿವಳಿಕೆ ಬದಲಾಗಿರಲಿಲ್ಲ, ನೋಡುವವರು ಬದಲಾಗಿದ್ದರು. ನಮ್ಮ ಇಬ್ಬಗೆಯ ನಡತೆಗೂ ಬಹುಮಟ್ಟಿಗೆ ಜನರ ಭಯವೇ ಮೂಲ. ಆದುದರಿಂದ ಯಾರ ಎದುರಿನಲ್ಲಿ ನನ್ನ ಮಾತು ಬದಲಾಗುತ್ತದೆ ಎಂದು ಪ್ರಾರ್ಥನೆಯಲ್ಲಿ ಪರೀಕ್ಷಿಸಿಕೊಳ್ಳುವುದೂ, ನಮ್ಮನ್ನು ಎದುರಿಗೇ ತಿದ್ದುವ ಹಕ್ಕನ್ನು ಒಬ್ಬ ಸಹವಿಶ್ವಾಸಿಗೆ ಮನಃಪೂರ್ವಕವಾಗಿ ಕೊಡುವುದೂ ಅಗತ್ಯ. ಎರಡನೆಯದು ಕಷ್ಟವೆಂಬುದು ನಿಜ, ಆದರೂ ಅದಿಲ್ಲದೆ ಮೊದಲನೆಯದು ಬಹುಕಾಲ ಉಳಿಯುವುದಿಲ್ಲ.

ಎಡವಿದಾಗ ಪಶ್ಚಾತ್ತಾಪವು ಬಾಯಿಮಾತಿನಲ್ಲಿ ನಿಲ್ಲಬಾರದು: ಸುಂಕ ವಸೂಲಿಗಾರನಾದ ಜಕ್ಕಾಯನು ತಾನು ಅನ್ಯಾಯವಾಗಿ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸಲು ಮುಂದಾದನು (ಲೂಕ 19:8).