ನಾಯಿಯ ಆಪರೇಷನ್‌ಗೆ ನಾಲ್ಕೈದು ಕಡೆ ರೇಟ್ ವಿಚಾರಿಸಲೇ?

ಪಶುವೈದ್ಯರ ಖರ್ಚು ಕೈಮೀರುತ್ತಿದೆ, ನಾಯಿಗೆ ಆಪರೇಷನ್ ಹೇಳಿದ್ದಾರೆ, ಮುಂಬೈನಲ್ಲಿ ನಾಲ್ಕೈದು ಕಡೆ ಕೇಳಿ ಕಡಿಮೆ ಇದ್ದಲ್ಲಿ ಮಾಡಿಸಲೇ ಅಂತ ಕೇಳಿದ್ದೀರಿ. ನಾನು ಏಳು ಕಡೆ ಕೇಳಿದವನು.

ಘಾಟ್‌ಕೋಪರ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ವಾಶಿ ಮಾರ್ಕೆಟ್‌ನಲ್ಲಿ ನಾಲ್ಕು ಗಾಳಾ (ಸಗಟು ಮಳಿಗೆ) ಸುತ್ತದೆ ಒಂದು ಚೀಲ ಈರುಳ್ಳಿ ಎತ್ತಿಸಿದವನಲ್ಲ ನಾನು. ನಮ್ಮ ಚಿನ್ನಿ ಬೀದಿಯಿಂದ ಬಂದವಳು, ಆಗ ಎಂಟು ವರ್ಷ. ಬೆದೆ ಮುಗಿದು ತಿಂಗಳಾಗಿತ್ತು. ಊಟ ಬಿಟ್ಟಳು, ಬೋಗುಣಿಗಟ್ಟಲೆ ನೀರು ಕುಡಿಯತೊಡಗಿದಳು. ಸೆಕೆಗೆ ಇರಬೇಕು ಅಂದುಕೊಂಡೆವು. ಹತ್ತಿರದ ಡಾಕ್ಟರು ಸೋನೋಗ್ರಫಿ ಮಾಡಿ ಪಯೋಮೆಟ್ರಾ ಅಂದರು. ಗರ್ಭಕೋಶದ ತುಂಬ ಕೀವು, ಅದರ ಬಾಯಿ ಬೇರೆ ಮುಚ್ಚಿಕೊಂಡಿದೆ, ಇವತ್ತೇ ತೆಗೆಯಬೇಕು, 38,000 ಆಗುತ್ತದೆ.

ನನ್ನ ಕಿವಿಗೆ ಬಿದ್ದದ್ದು 38,000 ಮಾತ್ರ. 'ಇವತ್ತೇ' ಅನ್ನುವುದು ಬೀಳಲೇ ಇಲ್ಲ.

ಗಲ್ಲೆ ಮೇಲೆ ಕೂತು ಫೋನು ಹಚ್ಚಿದೆ. ಒಬ್ಬರು 30 ಅಂದರು, ಒಬ್ಬರು 22. ಠಾಣೆಯ ಆಚೆ ಒಂದು ಕ್ಲಿನಿಕ್ 15,000 ಅಂತು, 'ನಾಳೆ ಸಂಜೆ ತನ್ನಿ.' 23,000 ಉಳಿಸಿದೆ ಅಂತ ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ. ಮರುದಿನ ಹೋದರೆ ರಕ್ತಪರೀಕ್ಷೆ ಬೇರೆ, ಅನಸ್ತೇಶಿಯಾ ಬೇರೆ, ಸಲೈನ್ ಬೇರೆ. ರಾತ್ರಿ ನೋಡಿಕೊಳ್ಳುವವರು ಇಲ್ಲವೇ ಇಲ್ಲ. ರಕ್ತದ ರಿಪೋರ್ಟ್ ಬಂದ ಮೇಲೆ ಕಿಡ್ನಿ ಕೆಟ್ಟಿದೆ, ನಮ್ಮಿಂದಾಗದು ಅಂದರು.

ಮರುದಿನ ಬೆಳಗ್ಗೆ ಮಳೆಯಲ್ಲಿ ಪರೇಲ್‌ಗೆ ಹೊರಟೆವು, 1886ರಲ್ಲಿ ಶುರುವಾದ ಪಶುವೈದ್ಯ ಕಾಲೇಜಿನ ಅಂಗಳದಲ್ಲಿರುವ ಆಸ್ಪತ್ರೆಗೆ. ರಿಕ್ಷಾ ಸಾಯನ್ ದಾಟುವ ಹಾಗಿಲ್ಲವಲ್ಲ, ಅಲ್ಲಿಳಿದು ಟ್ಯಾಕ್ಸಿಗೆ ಕೈ ಮಾಡಿದರೆ ಮೂವರು ನಾಯಿ ನೋಡಿ ಮುಂದೆ ಹೋದರು. ಹೋಟೆಲಿನ ಮೇಜುಬಟ್ಟೆಯಲ್ಲಿ ಸುತ್ತಿ ಎದೆಗವಚಿ ನಿಂತಿದ್ದೆ. ಆಪರೇಷನ್ ಆಯಿತು, ಚಿನ್ನಿ ಉಳಿದಳು. ಕಿಡ್ನಿ ಉಳಿಯಲಿಲ್ಲ. ಹದಿನಾಲ್ಕು ತಿಂಗಳು ದಿನ ಬಿಟ್ಟು ದಿನ ಸಲೈನ್, ಆಮೇಲೆ ಹೋದಳು. ಆ ಸಲೈನ್, ಔಷಧಿ, ಓಡಾಟದ ಲೆಕ್ಕ 38,000ದ ಎರಡರಷ್ಟು ದಾಟಿತ್ತು.

ನನ್ನ ತಪ್ಪು ಸರಿಯಾಗಿ ಕೇಳಿಸಿಕೊಳ್ಳಿ. ಜಿಪುಣತನ ಅಲ್ಲ. ಈರುಳ್ಳಿಯ ಹಾಗೆ ಅಳೆದದ್ದು. ಈರುಳ್ಳಿ ಯಾವ ಗಾಳಾದಲ್ಲೂ ಈರುಳ್ಳಿಯೇ. 'ಆಪರೇಷನ್' ಅಂದರೆ ಒಬ್ಬರಿಗೆ ರಕ್ತಪರೀಕ್ಷೆಯಿಂದ ಹೊಲಿಗೆ ಬಿಚ್ಚುವವರೆಗೆ, ಇನ್ನೊಬ್ಬರಿಗೆ ಬರೀ ಕತ್ತರಿ ಆಡಿಸಿದ್ದು. ನಾನು ಏಳು ಬೇರೆ ಬೇರೆ ವಸ್ತುಗಳ ಬೆಲೆ ಹೋಲಿಸುತ್ತಿದ್ದೆ, ಅಷ್ಟರಲ್ಲಿ ಆ ಕೀವಿನ ನಂಜು ರಕ್ತಕ್ಕೆ ಇಳಿಯುತ್ತಿತ್ತು. ಇನ್ನೊಂದು: ಮೊದಲ ಡಾಕ್ಟರಿಗೆ 'ಅರ್ಧ ಈಗ, ಅರ್ಧ ಮುಂದಿನ ತಿಂಗಳು ಕೊಡಲೇ?' ಅಂತ ಕೇಳಲೇ ಇಲ್ಲ. ಆಮೇಲೊಮ್ಮೆ ಸಿಕ್ಕಾಗ ಕೇಳಿದೆ. 'ಒಪ್ಪುತ್ತಿದ್ದೆನಲ್ಲ' ಅಂದರು. ಅದು ಇವತ್ತಿಗೂ ಚುಚ್ಚುತ್ತದೆ.

ಡಾಕ್ಟರುಗಳು ಸುಲಿಯುತ್ತಾರೆ ಅಂತ ನಾನನ್ನುವುದಿಲ್ಲ, ಈ ಊರಿನ ಬಾಡಿಗೆ ನನಗೂ ಗೊತ್ತು. ಆದರೆ ಅಂಗಡಿ ಅಂಗಡಿ ಸುತ್ತುವ ಹೊರೆ ನಿಮ್ಮ ತಲೆ ಮೇಲೆ ಯಾಕೆ? ಎರಡು ಇಡ್ಲಿಗೆ ನಾನು ರೇಟಿನ ಬೋರ್ಡ್ ಹಾಕುತ್ತೇನೆ. ಅವರೂ ಹಾಕಲಿ.

ಸುತ್ತಲೇಬೇಕೆಂದರೆ ನಾಯಿ ಗಟ್ಟಿಯಾಗಿರುವಾಗ ಸುತ್ತಿ: ಲಸಿಕೆಗೆ, ಹಲ್ಲು ಕ್ಲೀನಿಂಗಿಗೆ, ಸಂತಾನಹರಣಕ್ಕೆ. (ಚಿನ್ನಿಗೆ ಅದನ್ನು ಮೊದಲೇ ಮಾಡಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.) ಏನೇನು ಸೇರಿದೆ, ರಾತ್ರಿ ಯಾರಿರುತ್ತಾರೆ ಅನ್ನುವುದನ್ನು ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ ರೇಟು ನಂಬಬೇಡಿ.

ಯಾವ ಆಪರೇಷನ್ ಅಂತ ನೀವು ಬರೆದಿಲ್ಲ. ಹಲ್ಲಿನದಾದರೆ ನಿಧಾನವಾಗಿ ವಿಚಾರಿಸಿ. ಬೆದೆ ಮುಗಿದ ಹೆಣ್ಣುನಾಯಿ, ನೀರು ಜಾಸ್ತಿ ಕುಡಿಯುತ್ತಿದೆ ಅಂತಾದರೆ ಇದನ್ನು ಓದುತ್ತ ಕೂರಬೇಡಿ, ಹೊರಡಿ.