ಗದ್ದೆ ಹಳದಿಯಾಗಿದ್ದು ಯಾವತ್ತು?

ಓದುಗರ ಪತ್ರ: “ಬೈಪಾಸಿನ ಆಚೆ ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳು ಮೊನ್ನೆವರೆಗೂ ನಗರದ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ಗ್ರೀನ್ ಬೆಲ್ಟ್‌ನಲ್ಲಿ, ಅಂದರೆ ಕೃಷಿಗೆ ಮೀಸಲಾದ ಹಸಿರು ಬಣ್ಣದಲ್ಲಿ ಇದ್ದವು. ಈಗ ಒಂದಷ್ಟು ಎಕರೆ ಮಾತ್ರ ಯೆಲ್ಲೋ, ಅಂದರೆ ಮನೆ ಕಟ್ಟುವ ವಲಯ ಆಗಿದೆ. ಅದಕ್ಕೆ ಸ್ವಲ್ಪ ಮೊದಲು ಆ ಸರ್ವೆ ನಂಬರುಗಳನ್ನು ರಾಜಕಾರಣಿಯೊಬ್ಬರ ಭಾವಮೈದ ಕೊಂಡಿದ್ದಾರಂತೆ. ಪಕ್ಕದ ನಮ್ಮ ಗದ್ದೆ ಇನ್ನೂ ಹಸಿರಾಗೇ ಇದೆ. ಊರಿಗೆಲ್ಲ ಗೊತ್ತಿರುವ ಹೆಸರು ಬರೆಯಲು ನಿಮಗೆ ಭಯವೇ?” – ಓದುಗರು, ದಾವಣಗೆರೆ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಹೆಸರು ಬರೆಯಲು ಭಯವೇ ಎಂದು ಕೇಳುವ ನೀವೇ ನಿಮ್ಮ ಹೆಸರು ಹಾಕಬೇಡಿ ಎಂದಿದ್ದೀರಿ. ತಪ್ಪೇನಿಲ್ಲ ಬಿಡಿ. ನಾಳೆ ಪಹಣಿ, ಪೋಡಿ ಅಂತ ಅದೇ ಕಚೇರಿಗಳ ಮೆಟ್ಟಿಲು ಹತ್ತಬೇಕಾದವರು ನೀವು. ನಮಗೂ ಸ್ವಲ್ಪ ಭಯ ಇದೆ. ಮಾನನಷ್ಟ ಹೊಸ ನ್ಯಾಯ ಸಂಹಿತೆಯಲ್ಲೂ ಅಪರಾಧವೇ. ಆದರೆ ಹೆಸರು ಹಾಕದಿರಲು ಅದೊಂದೇ ಕಾರಣವಲ್ಲ. ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತಿಗೇ ‘ಅಂತೆ’ ಅಂಟಿಕೊಂಡಿದೆ. ತಾರೀಖು ಒಂದೂ ಇಲ್ಲ.

ಇಂಥ ವಿಷಯದಲ್ಲಿ ತಾರೀಖೇ ಎಲ್ಲ. ಮೊದಲು ಎರಡು ಬೇರೆ ಕೆಲಸಗಳನ್ನು ಬಿಡಿಸಿ ನೋಡೋಣ. ಜನ ಎರಡನ್ನೂ ಕಲಸಿ ‘ಎನ್‌.ಎ. ಮಾಡಿಸಿದ್ರು’ ಅಂದುಬಿಡುತ್ತಾರೆ. ಎನ್‌.ಎ. ಅಂದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವ ಭೂ ಪರಿವರ್ತನೆ. ಅದು ಜಿಲ್ಲಾಧಿಕಾರಿಗಳ ವ್ಯಾಪ್ತಿಯದು. ಮಾಸ್ಟರ್ ಪ್ಲಾನ್‌ನಲ್ಲಿ ಹಸಿರು ಹಳದಿಯಾಗುವುದು ಬೇರೆ. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ 14-ಎ ಕಲಂ ಇದೆ. ಪ್ರಸ್ತಾವ ಯೋಜನಾ ಪ್ರಾಧಿಕಾರದ್ದು, ಒಪ್ಪಿಗೆ ರಾಜ್ಯ ಸರ್ಕಾರದ್ದು. ನಕ್ಷೆಯಲ್ಲಿ ಹಳದಿ ಆಯಿತೆಂದರೆ ಎನ್‌.ಎ. ದಾರಿ ಸಲೀಸು. ಆದ್ದರಿಂದ ಕಣ್ಣಿಡಬೇಕಾದ್ದು ನಕ್ಷೆಯ ಮೇಲೆ.

ಈ 14-ಎ ಕಲಮನ್ನು ಒಮ್ಮೆ ಓದಿ. ಬೇಕಾದವರಿಗೆ ಬೇಕಾದ ಹಾಗೆ ಬಣ್ಣ ಬದಲಿಸಿ ಅಂತ ಅದರಲ್ಲಿ ಎಲ್ಲೂ ಇಲ್ಲ. ನಕ್ಷೆಯಲ್ಲಿ ತಪ್ಪು ನುಸುಳಿದ್ದರೆ, ವಿವರ ಬಿಟ್ಟುಹೋಗಿದ್ದರೆ, ಪರಿಸ್ಥಿತಿ ಬದಲಾಗಿದ್ದರೆ ತಿದ್ದಬಹುದು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿರಬೇಕು. ಆ ಭಾಗದಲ್ಲಿ ಓಡುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಜನರ ಆಕ್ಷೇಪಣೆ ಕೇಳಬೇಕು. ಕಷ್ಟ ಇರುವುದು ಇಲ್ಲೇ. ಆ ಪ್ರಕಟಣೆ ಟೆಂಡರ್ ಜಾಹೀರಾತುಗಳ ನಡುವೆ, ಸಾಸಿವೆ ಅಕ್ಷರದಲ್ಲಿ ಬರುತ್ತದೆ. ಸರ್ವೆ ನಂಬರು ಕಂಡರೂ ಅದು ಯಾರ ಹೊಲ ಅಂತ ಯಾರಿಗೂ ಹೊಳೆಯುವುದಿಲ್ಲ. ಹದಿನಾರನೇ ದಿನ ‘ಆಕ್ಷೇಪಣೆ ಬಂದಿಲ್ಲ’ ಎಂದು ಕಡತದಲ್ಲಿ ಬರೆದುಕೊಳ್ಳುತ್ತಾರೆ. ಬರೆದದ್ದು ಸುಳ್ಳೂ ಅಲ್ಲ.

ಇನ್ನು ಖರೀದಿ. ಮೊದಲು ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಕೃಷಿಯೇತರ ಆದಾಯ ಇದ್ದವರು ಹೊಲ ಕೊಳ್ಳುವಂತಿರಲಿಲ್ಲ. ಭೂ ಸುಧಾರಣೆ ಕಾಯ್ದೆಯ ಆ 79-ಎ ಕಲಂ 2020ರಲ್ಲಿ ಹೋಯಿತು. ಈಗ ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದು. ಹೈವೇ ಪಕ್ಕದ ಜಮೀನಿಗೆ ಬೆಲೆ ಬರುತ್ತದೆ ಅನ್ನಲು ಒಳಸುದ್ದಿಯೂ ಬೇಕಿಲ್ಲ. ಹಾಗಾಗಿ ಭಾವಮೈದ ಕೊಂಡರು ಅನ್ನುವುದು ಅನುಮಾನಕ್ಕೆ ಕಾರಣವಾದೀತು, ಸಾಕ್ಷಿಯಾಗದು.

ಸಾಕ್ಷಿ ಎಲ್ಲಿ ಸಿಗಬಹುದು? ನನ್ನ ಕೇಳಿದರೆ, ನಿಮ್ಮ ಗದ್ದೆಯಲ್ಲೇ. ಅದೇ ನಾಲೆ, ಅದೇ ರಸ್ತೆ, ನಡುವೆ ಒಂದು ಬದು. ಆ ಕಡೆಯದಕ್ಕೆ ಸಾರ್ವಜನಿಕ ಹಿತ ಅಂತ ಬರೆದ ಕಾರಣ ಈ ಕಡೆಯದಕ್ಕೆ ಯಾಕೆ ಒಪ್ಪುವುದಿಲ್ಲ? ಅರ್ಜಿ ಹಾಕಿದವರು ಯಾರು, ಯಾವತ್ತು? ನಗರ ಯೋಜಕರ ಟಿಪ್ಪಣಿ ಏನಿತ್ತು, ಪ್ರಾಧಿಕಾರದ ಸಭೆ ಅದನ್ನು ಒಪ್ಪಿತೋ ತಳ್ಳಿತೋ? ಕ್ರಯಪತ್ರ ನೋಂದಣಿಯಾದ ದಿನ ಆ ಅರ್ಜಿಗಿಂತ ಎಷ್ಟು ಹಿಂದಿನದು? ಈ ಪ್ರಶ್ನೆಗಳಿಗೆಲ್ಲ ಉತ್ತರ ಕಾಗದದಲ್ಲಿದೆ.

ಆಮೇಲೂ ದಾರಿ ಸುಲಭವಲ್ಲ, ಹೇಳಿಬಿಡುತ್ತೇನೆ. ಷೇರುಪೇಟೆಯಲ್ಲಿ ಕಂಪನಿಯ ಒಳಸುದ್ದಿ ಹಿಡಿದು ವ್ಯಾಪಾರ ಮಾಡಿದರೆ ಸೆಬಿ ಹಿಡಿಯುತ್ತದೆ. ಸರ್ಕಾರಿ ಕಡತದ ಒಳಸುದ್ದಿ ಹಿಡಿದು ಹೊಲ ಕೊಂಡವರ ಮೇಲೆ ಅಂಥ ಕಾವಲಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಮೊದಲೊಂದು ಉಪಕಲಂ ಇತ್ತು. ಅಧಿಕಾರದಲ್ಲಿದ್ದವರು ಸಾರ್ವಜನಿಕ ಹಿತವಿಲ್ಲದೆ ಯಾರಿಗಾದರೂ ಲಾಭ ಮಾಡಿಕೊಟ್ಟರೆ ಅದೇ ಅಪರಾಧ ಅನ್ನುತ್ತಿತ್ತು. 2018ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಅದೇ ತಿದ್ದುಪಡಿಯಲ್ಲಿ 17-ಎ ಕಲಂ ಬಂತು. ಅಧಿಕಾರದಲ್ಲಿ ಕೈಗೊಂಡ ತೀರ್ಮಾನದ ಬಗ್ಗೆ ತನಿಖೆ ಮಾಡಲು ಮೊದಲೇ ಅನುಮತಿ ಬೇಕು. ಪ್ರಾಮಾಣಿಕ ಅಧಿಕಾರಿಗಳಿಗೆ ರಕ್ಷಣೆ ಬೇಕು ಅನ್ನುವುದು ಸಮರ್ಥನೆ. ಅದರಲ್ಲಿ ಅರ್ಥವೂ ಇದೆ. ಆದರೆ ಹಸಿರನ್ನು ಹಳದಿ ಮಾಡಿದವರಿಗೂ ಅದೇ ಕೊಡೆ ಅಲ್ವಾ?

ಇಷ್ಟು ಮಾಡಿ. ಆ ಸರ್ವೆ ನಂಬರುಗಳ ಋಣಭಾರ ಪತ್ರ ತೆಗೆಸಿ. ನೋಂದಣಿಯಾದ ಮಾರಾಟವೆಲ್ಲ ತಾರೀಖಿನ ಸಮೇತ ಅದರಲ್ಲಿ ಕಾಣುತ್ತದೆ. ನೋಂದಣಿಯಾಗದ ಕರಾರು ಕಾಣುವುದಿಲ್ಲ, ಜಾಣರು ಅಲ್ಲೇ ನುಸುಳುತ್ತಾರೆ. ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಹಾಕಿ, ಸಭೆಯ ನಡಾವಳಿ ಮತ್ತು ಕಡತದ ಟಿಪ್ಪಣಿ ಹಾಳೆ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಾತ್ರ. ಅರ್ಜಿಯಲ್ಲಿ ರಾಜಕೀಯ ಬರೆಯಬೇಡಿ, ಕಾಗದ ಕೇಳಿ ಸುಮ್ಮನಾಗಿ. 30 ದಿನದಲ್ಲಿ ಬರದಿದ್ದರೆ ಮೇಲ್ಮನವಿ ಹಾಕಿ. ಚುನಾವಣಾ ಅಫಿಡವಿಟ್‌ನಲ್ಲಿ ಅಭ್ಯರ್ಥಿ, ಗಂಡ ಅಥವಾ ಹೆಂಡತಿ, ಅವಲಂಬಿತರ ಜಮೀನು ಸರ್ವೆ ನಂಬರಿನ ಸಮೇತ ಇರುತ್ತದೆ. ಭಾವಮೈದನದು ಇರುವುದಿಲ್ಲ. ಭಾವಮೈದಂದಿರಿಗೆ ಇಷ್ಟು ಬೇಡಿಕೆ ಯಾಕೆ ಅಂತ ಇದರಿಂದಲೇ ತಿಳಿಯುತ್ತದೆ.

ಒಂದು ಮಾತು ಕೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಅವರ ಗದ್ದೆ ಮತ್ತೆ ಹಸಿರಾಗಬೇಕು ಅಂತಲೋ, ನಿಮ್ಮದೂ ಹಳದಿಯಾಗಬೇಕು ಅಂತಲೋ? ಪತ್ರದಿಂದ ಗೊತ್ತಾಗಲಿಲ್ಲ. ಎರಡೂ ನ್ಯಾಯದ ಪ್ರಶ್ನೆಗಳೇ. ಆದರೆ ಎರಡನೆಯದಾದರೆ ನಾಲೆ ಅಚ್ಚುಕಟ್ಟಿನ ಭತ್ತ ಉಳಿಯಬೇಕು ಅಂತ ವಾದಿಸಬೇಡಿ. ಎದುರಿನ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಪತ್ರಿಕಾ ಪ್ರಕಟಣೆಯ ಕಟಿಂಗ್, ನಡಾವಳಿ, ಋಣಭಾರ ಪತ್ರ, ಈ ಮೂರು ಕೈಗೆ ಬಂದ ದಿನ ನಮಗೆ ಕಳಿಸಿ. ಆ ರಾಜಕಾರಣಿಗೂ ಅವರ ಭಾವಮೈದನಿಗೂ ಪ್ರಶ್ನೆ ಕಳಿಸಿ ಉತ್ತರಕ್ಕೆ ಸಮಯ ಕೊಡುತ್ತೇವೆ. ತಾರೀಖುಗಳು ನೀವು ಹೇಳಿದ ಹಾಗೇ ಇದ್ದರೆ, ಅವರು ಉತ್ತರ ಕೊಟ್ಟರೂ ಕೊಡದಿದ್ದರೂ ಹೆಸರಿನ ಸಮೇತ ಪ್ರಕಟಿಸುತ್ತೇವೆ. ನಿಮ್ಮ ಹೆಸರು ಮಾತ್ರ ಹಾಕುವುದಿಲ್ಲ.