‘ಪರವಾಗಿಲ್ಲ’ ಎನ್ನುವ ಅಮ್ಮ

ಪ್ರಶ್ನೆ: ಅಮ್ಮನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾಯಿತು. ನರ್ಸ್ ಬಂದಾಗಲೆಲ್ಲ ‘ನೋವು ಹತ್ತರಲ್ಲಿ ಎಷ್ಟು?’ ಎಂದು ಕೇಳುತ್ತಾರೆ. ಅಮ್ಮ ‘ಪರವಾಗಿಲ್ಲ’ ಎನ್ನುತ್ತಾರೆ, ಅವರು ಹೋದ ಮೇಲೆ ಹಲ್ಲು ಕಚ್ಚಿಕೊಂಡು ಮಲಗುತ್ತಾರೆ. ನೋವಿನ ಔಷಧ ಚಟವಾದೀತೆಂಬ ಭಯ ಅವರಿಗೆ. ಏನು ಮಾಡಲಿ?

ಉತ್ತರ: ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ಈ ‘ಪರವಾಗಿಲ್ಲ’ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಕೊನೆಗೆ ನಾನು ಕೇಳುವ ರೀತಿಯನ್ನೇ ಬದಲಿಸಿಕೊಂಡೆ. ‘ಎಲ್ಲಿ, ಒಮ್ಮೆ ಕೆಮ್ಮಿ ನೋಡೋಣ’ ಎನ್ನುತ್ತಿದ್ದೆ. ಕೈ ಥಟ್ಟನೆ ಹೊಲಿಗೆಯ ಮೇಲೆ ಹೋಗುತ್ತಿತ್ತು, ಕೆಮ್ಮು ಗಂಟಲಲ್ಲೇ ಉಳಿಯುತ್ತಿತ್ತು. ಅಲುಗಾಡದೆ ಮಲಗಿದ್ದಾಗ ಎರಡಿದ್ದ ನೋವು ಆಗ ಎಂಟಾಗಿರುತ್ತಿತ್ತು. ನನಗೆ ಬೇಕಾಗಿದ್ದುದು ಆ ಎಂಟು. ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದಿದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು. ಎದ್ದು ಓಡಾಡದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು.

ಅಂಕ ಕೇಳುವುದು ತಾಳ್ಮೆಯನ್ನು ಅಳೆಯಲಿಕ್ಕಲ್ಲ ಎಂದು ತಾಯಿಯವರಿಗೆ ತಿಳಿಸಿ. ಮಾತ್ರೆ ಕೊಟ್ಟು ಸುಮಾರು ಒಂದು ಗಂಟೆಯ ಮೇಲೆ ನರ್ಸ್ ಮತ್ತೆ ಬಂದು ಕೇಳುವುದು, ನೋವು ಇಳಿಯದಿದ್ದರೆ ವೈದ್ಯರಿಗೆ ಹೇಳಿ ಔಷಧ ಬದಲಿಸಲಿಕ್ಕಾಗಿ. ಅವರು ಏಳನ್ನು ಎರಡು ಎಂದರೆ ನರ್ಸ್ ಬರೆದುಕೊಳ್ಳುವುದೂ ಎರಡನ್ನೇ. ನೋವು ಎಷ್ಟಿದೆ ಎಂಬುದಕ್ಕೆ ರೋಗಿಯ ಮಾತೇ ಪ್ರಮಾಣ ಎಂದು 1968ರಲ್ಲೇ ಬರೆದವರು ಮಾರ್ಗೊ ಮೆಕಾಫ್ರಿ, ಅವರೂ ನರ್ಸ್. ಆ ಮಾತನ್ನು ನಾನು ಇಂದಿಗೂ ಬಲವಾಗಿ ನಂಬುತ್ತೇನೆ.

ಚಟದ ಭಯಕ್ಕೆ ಬರೋಣ. ಪ್ಯಾರಾಸಿಟಮಾಲ್ ಚಟವಾಗುವುದಿಲ್ಲ. ಮಾರ್ಫಿನ್‌ನಂಥ ಔಷಧವನ್ನೂ ಆಸ್ಪತ್ರೆಯ ನಿಗಾದಲ್ಲಿ ಕೆಲವೇ ದಿನ ಪಡೆದರೆ ಆ ಸಂಭವ ಕಡಿಮೆ. ಅದನ್ನು ಕೊಟ್ಟಾಗ ನಾವು ಹೆಚ್ಚು ಗಮನಿಸುವುದು ಮಂಪರನ್ನು ಮತ್ತು ಉಸಿರಾಟದ ವೇಗವನ್ನು. ಮಲಬದ್ಧತೆಯೂ ಆಗುತ್ತದೆ, ಸಂಕೋಚಪಡದೆ ಹೇಳಲಿ. ಗುಂಡಿ ಒತ್ತಿ ಔಷಧ ಪಡೆಯುವ ಪಂಪ್ ಇದ್ದರೆ ಅವರೇ ಒತ್ತಬೇಕು. ಕನಿಕರಪಟ್ಟು ನೀವು ಒತ್ತಲೇಬೇಡಿ: ಮಂಪರಿನಲ್ಲಿರುವವರು ತಾವಾಗಿ ಒತ್ತುವುದಿಲ್ಲ, ಅವರಿಗಿರುವ ರಕ್ಷಣೆಯೇ ಅದು.

ನಿಮ್ಮ ಕೈಯಲ್ಲಾಗುವ ಕೆಲಸವೊಂದಿದೆ. ಒಂದು ದಿಂಬನ್ನು ಮಡಿಸಿ ಹೊಲಿಗೆಯ ಮೇಲಿಡಿ. ತಾಯಿಯವರು ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡು, ಮಂಡಿ ಸ್ವಲ್ಪ ಮಡಚಿ ಕೆಮ್ಮಲಿ. ಹೊಟ್ಟೆ ಹೆಚ್ಚು ಅಲುಗದ ಕಾರಣ ಕೆಮ್ಮು ಪೂರ್ತಿ ಹೊರಬರುತ್ತದೆ. ಅವರನ್ನು ಎಬ್ಬಿಸಿ ನಡೆದಾಡಿಸುವ ಹೊತ್ತನ್ನು ನರ್ಸ್‌ಗೆ ಮೊದಲೇ ತಿಳಿಸಿದರೆ ಅದಕ್ಕೆ ಹೊಂದುವಂತೆ ಔಷಧ ಕೊಡುತ್ತಾರೆ.

ಇಳಿಯುತ್ತಿದ್ದ ನೋವು ಒಮ್ಮೆಲೇ ಏರಿದರೆ, ಹೊಟ್ಟೆ ಬಿಗಿದುಕೊಂಡರೆ, ಎಬ್ಬಿಸಿದರೂ ಕಣ್ಣು ತೆರೆಯದಷ್ಟು ಮಂಪರು ಕಂಡರೆ, ನರ್ಸ್ ಮತ್ತೆ ಬರುವವರೆಗೆ ಕಾಯದೆ ಅವರನ್ನು ಕೂಡಲೇ ಕರೆಯಿರಿ.